ಕಲಬುರಗಿ ಕ್ಯಾಜುವಾಲಿಟಿಯಲ್ಲಿ ಕೋವಿಡ್ ಡ್ಯೂಟಿ ಲಿಸ್ಟ್ ಹಾಕಿದ ಬಗೆ

ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು. 2020ರ ಮಾರ್ಚ್ 10ಕ್ಕೆ ತೀರಿಕೊಂಡವರ ವರದಿ 12ಕ್ಕೆ ಪಾಸಿಟಿವ್ ಬಂತು. ಹಾಗಾಗಿ ಇಲ್ಲಿನ ಕ್ಯಾಜುವಾಲಿಟಿಗಳಿಗೆ ರೋಗಿಗಳಿಗಿಂತ ಮುಂಚೆ ಭಯ ಬಂತು. ಆದರೆ ಸಿಬ್ಬಂದಿಯನ್ನು ನಿಜಕ್ಕೂ ಹೈರಾಣ ಮಾಡಿದ್ದು 2021ರ ಏಪ್ರಿಲ್, ಮೇ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಒಳಗೆ ಗಾಳಿಯಾಡದ ಪಿಪಿಇ ಕಿಟ್, ಎಷ್ಟು ತಾಸಿಗೆ ಬರುತ್ತದೋ ಗೊತ್ತಿಲ್ಲದ ಸಿಲಿಂಡರ್ ಗಾಡಿ. ಆಗ ಡ್ಯೂಟಿ ಲಿಸ್ಟ್ ಹಾಕುವ ಕೆಲಸ ನನ್ನದಾಗಿತ್ತು. ಸಿಬ್ಬಂದಿಯ ಮನಸ್ಸು ಕೆಡುತ್ತಿದೆ ಎಂದರೆ ಮೊದಲು ಕೌನ್ಸೆಲರ್‌ಗೆ ಫೋನ್ ಹಚ್ಚುವುದು ರೂಢಿ. ಅದಕ್ಕಿಂತ ಮುಂಚೆ ಪಾಳಿ, ನೀರು, ಆಕ್ಸಿಜನ್ ಲೆಕ್ಕ, ರೋಗಿಗಳ ಮನೆಗೆ ಮಾಡುವ ಫೋನ್ ಈ ನಾಲ್ಕು ಸರಿಯಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಪಾಳಿಯಿಂದ ಶುರು ಮಾಡುತ್ತೇನೆ. ಎಂಟು ತಾಸಿನ ಮೂರು ಪಾಳಿ ಬಿಟ್ಟು ಆರು ತಾಸಿನ ನಾಲ್ಕು ಪಾಳಿ ಮಾಡಿದೆವು: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ 2, ಆಮೇಲೆ 2ರಿಂದ 8. ಒಂದು ಪಾಳಿಗೆ 6 ಸಿಸ್ಟರ್. ಮೂವರು ಕಿಟ್ ಹಾಕಿಕೊಂಡು ತೀವ್ರ ರೋಗಿಗಳಿರುವ ರೆಡ್ ಝೋನ್ ಒಳಗೆ, ಮೂವರು ಹೊರಗೆ ಟ್ರಯಾಜ್ (ಬಂದವರನ್ನು ತೀವ್ರತೆಯಂತೆ ವಿಂಗಡಿಸುವ) ಟೇಬಲ್, ಔಷಧಿ, ಕೇಸ್ ಶೀಟ್. ಮೂರು ತಾಸಿಗೆ ಅದಲು ಬದಲು. ಹೀಗೆ ಒಬ್ಬರಿಗೆ ಪಾಳಿಗೆ ಒಂದೇ ಕಿಟ್ ಸಾಕು, ಕಿಟ್ ಒಳಗೆ ಮೂರು ತಾಸಿಗಿಂತ ಹೆಚ್ಚು ಯಾರೂ ಬೇಯುವುದಿಲ್ಲ. ಮೂವರೂ ಒಟ್ಟಿಗೆ ಬಿಚ್ಚಲು ಬಂದರೆ ಕಿಟ್ ಬಿಚ್ಚುವ ಡಾಫಿಂಗ್ ರೂಮಿನಲ್ಲಿ ನೂಕುನುಗ್ಗಲು. ಅದಕ್ಕೆ ಹದಿನೈದು ನಿಮಿಷದ ಅಂತರ ಇಟ್ಟು ಬದಲಿಸಬೇಕು.

ಜನಬಲದ ಲೆಕ್ಕ ಕಾಗದದ ಮೇಲೆ ಬರೆಯದೆ ಆರು ತಾಸಿನ ಪಾಳಿಗೆ ಇಳಿಯಬೇಡಿ. ದಿನಕ್ಕೆ 6×4 ಅಂದರೆ 24 ಡ್ಯೂಟಿ. ವಾರದ ರಜೆ ಸೇರಿಸಿದರೆ 24×7÷6, ಅಂದರೆ 28 ಜನ. ಜ್ವರ, ಪಾಸಿಟಿವ್, ಕ್ವಾರಂಟೈನ್ ಎಂದು ಐದರಲ್ಲಿ ಒಬ್ಬರು ಮನೆಯಲ್ಲಿರುತ್ತಾರೆ ಎಂದುಕೊಂಡರೆ 35. ಅಷ್ಟು ಜನ ಇಲ್ಲದಿದ್ದರೆ ಪಾಳಿ ಉದ್ದ ಮಾಡುವುದಲ್ಲ, ಪಾಳಿಗೆ ನಾಲ್ವರು ಇಟ್ಟು ರೆಡ್ ಝೋನಿನ ಬೆಡ್ ಕಡಿಮೆ ಮಾಡುವುದು. ಆ ಲೆಕ್ಕಕ್ಕೆ 24 ಜನ ಸಾಕು. ಮೇಲಿನವರು ಬೆಡ್ ಕಡಿಮೆ ಮಾಡಲು ಒಪ್ಪುವುದಿಲ್ಲ. ಈ ಗುಣಾಕಾರ ಮುಂದಿಟ್ಟರೆ ಒಪ್ಪುತ್ತಾರೆ, ಅಳಲು ಹೇಳಿಕೊಂಡರೆ ಅಲ್ಲ.

ಈ ಪದ್ಧತಿಗೆ ಒಂದು ದೊಡ್ಡ ತೊಡಕು: ರಾತ್ರಿ ಎರಡಕ್ಕೆ ಪಾಳಿ ಬಿಟ್ಟ ಹೆಣ್ಣುಮಕ್ಕಳು ಮನೆಗೆ ಹೋಗುವುದು ಹೇಗೆ? ಒಂದೋ ಗಾಡಿ ಗೊತ್ತು ಮಾಡಬೇಕು, ಇಲ್ಲವೇ ಬೆಳಗಿನ ಆರರವರೆಗೆ ಮಲಗಲು ಫ್ಯಾನ್ ಇರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಕೊಡಬೇಕು. ಇದಿಲ್ಲದೆ ಆರು ತಾಸಿನ ಪಾಳಿ ಎಂಟು ತಾಸಿನದಕ್ಕಿಂತ ಕೆಟ್ಟದ್ದು. ಆ ವರ್ಷ ರಂಜಾನ್ ಏಪ್ರಿಲ್ 14ಕ್ಕೆ ಶುರುವಾಗಿತ್ತು. ರೋಜಾ ಇದ್ದವರಿಗೆ ರಾತ್ರಿ 8ರಿಂದ 2ರ ಪಾಳಿಯೇ ಸರಿ. ಏಳರ ಸುಮಾರಿಗೆ ಇಫ್ತಾರ್ ಮುಗಿಸಿ ಬರಬಹುದು, ಸೆಹ್ರಿಗೆ ಮುಂಚೆ ಬಿಡುಗಡೆ. ಮಧ್ಯಾಹ್ನದ ಪಾಳಿಗೆ ಹಾಕಿದರೆ ಬಾಯಿಗೆ ನೀರಿಲ್ಲದೆ ಕಿಟ್ ಒಳಗೆ ನಿಂತಿರಬೇಕಾಗುತ್ತದೆ. ಲಿಸ್ಟ್ ಹಾಕುವವರು ತಾವಾಗಿ ಕೇಳಬೇಕು. ರೋಜಾ ಇದ್ದವರು ಹೇಳಿಕೊಳ್ಳುವುದಿಲ್ಲ.

ನೀರಿನ ವಿಷಯ. ಕಿಟ್ ಹಾಕಿದ ಮೇಲೆ ಮೂತ್ರಕ್ಕೆ ಹೋಗಲಾಗದೆಂದು ಸಿಸ್ಟರ್‌ಗಳು ಹಿಂದಿನ ತಾಸುಗಳಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಆಮೇಲೆ ತಲೆನೋವು, ಉರಿಮೂತ್ರ, ಸಿಡುಕು. ಆ ಸಿಡುಕನ್ನು ನೋಡಿ ನಾವು ಟೆನ್ಶನ್ ಅಂದುಕೊಳ್ಳುತ್ತೇವೆ. ಕಿಟ್ ಹಾಕಿಕೊಳ್ಳುವ ಡಾನಿಂಗ್ ರೂಮಿನಲ್ಲಿ ತೂಕದ ಯಂತ್ರ ಇಟ್ಟು, ಹಾಕುವ ಮುಂಚೆ ಮತ್ತು ಬಿಚ್ಚಿದ ಮೇಲೆ ಅದೇ ಬಟ್ಟೆಯಲ್ಲಿ ತೂಗುವುದು ಸುಲಭದ ಉಪಾಯ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ಮೈತೂಕದ ಶೇಕಡಾ 2ಕ್ಕಿಂತ ಹೆಚ್ಚು ಇಳಿದರೆ, 55 ಕಿಲೋದವರಿಗೆ 1.1 ಕಿಲೋ, ಗಮನ ಕೆಲಸದ ಮೇಲೆ ನಿಲ್ಲುವುದಿಲ್ಲ. ಹಾಕುವ ಮುಂಚೆ ಅರ್ಧ ಲೀಟರ್ ನಿಧಾನವಾಗಿ, ಬಿಚ್ಚಿದ ಮೇಲೆ ಲೀಟರಿಗೆ ಒಂದು ಪಾಕೀಟಿನಂತೆ ಕಲಸಿದ ಓಆರ್‌ಎಸ್, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ. ಡಯಾಪರ್ ಕೊಟ್ಟು ನೋಡಬಹುದು, ಈ ಸೆಕೆಗೆ ತೊಡೆ ಕೆಂಪಾಗಿ ಹಾಕಿಕೊಳ್ಳಲು ಬೇಸರಪಡುತ್ತಾರೆ. ಮೂರು ತಾಸಿಗೆ ಬದಲಿಸಿದರೆ ಅದರ ಗರಜೇ ಬೀಳುವುದಿಲ್ಲ. ಕನ್ನಡಕ ಮಂಜಾಗುತ್ತಿದೆ ಅಂದರೆ ಎನ್95ರ ಮೂಗಿನ ಪಟ್ಟಿ ಸರಿಯಾಗಿ ಕೂತಿಲ್ಲ ಎಂದರ್ಥ. ಹೊರಗೆ ಬಂದು ಸರಿ ಮಾಡಿಕೊಳ್ಳಬೇಕು, ಒಳಗೆ ಕೈ ಹಚ್ಚಬಾರದು. ಬಿಚ್ಚುವಾಗ ಎದುರಿಗೊಬ್ಬರು ನಿಂತು ಒಂದೊಂದೇ ಹೆಜ್ಜೆ ಓದಿ ಹೇಳಬೇಕು, ಮಾಸ್ಕ್ ಕೊನೆಗೆ. ದಣಿದ ಕೈ ತಪ್ಪುವುದು ಅಲ್ಲಿಯೇ.

ಮನಸ್ಸಿನ ಮೇಲೆ ಎಲ್ಲಕ್ಕಿಂತ ಭಾರ ಹಾಕಿದ್ದು ಆಕ್ಸಿಜನ್. ಸಾಮಾನು ಕಡಿಮೆ ಇರುವುದಕ್ಕಿಂತ ಎಷ್ಟಿದೆ ಎಂದು ಗೊತ್ತಿಲ್ಲದಿರುವುದು ಜನರನ್ನು ಹೆಚ್ಚು ಕಂಗೆಡಿಸುತ್ತದೆ. ಒಂದು ಜಂಬೋ ಸಿಲಿಂಡರ್ ಅಂದರೆ ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಹಚ್ಚಿದ ಒಬ್ಬ ರೋಗಿಗೆ ಹನ್ನೊಂದೂವರೆ ತಾಸು. ಅಂಥವರು 20 ಜನ ಇದ್ದರೆ ತಾಸಿಗೆ 12,000 ಲೀಟರ್, ಹತ್ತಿರ ಹತ್ತಿರ ಎರಡು ಜಂಬೋ. ಮೂಗಿಗೆ ರಭಸದಿಂದ ಆಕ್ಸಿಜನ್ ಕೊಡುವ ಹೈ ಫ್ಲೋ ಮಷಿನ್ ನಿಮಿಷಕ್ಕೆ 60 ಲೀಟರಿಗೆ ಇಟ್ಟರೆ ಒಬ್ಬರಿಗೇ ಎರಡು ತಾಸಿನೊಳಗೆ ಒಂದು ಸಿಲಿಂಡರ್ ಖಾಲಿ. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನಲ್ಲಿ 150 ಇದ್ದದ್ದು 75ಕ್ಕೆ ಬಂದರೆ ಅರ್ಧ ಉಳಿದಿದೆ. ಈ ಲೆಕ್ಕ ಸಿಸ್ಟರ್ ತಲೆಯಲ್ಲಿ ಇರಬಾರದು, ಬೋರ್ಡಿನ ಮೇಲೆ ಇರಬೇಕು. ರೋಗಿಯನ್ನು ಮುಟ್ಟದ ಒಬ್ಬ ಬ್ರದರ್ ಎರಡು ತಾಸಿಗೊಮ್ಮೆ ಎಣಿಸಿ ‘ಇನ್ನು ಇಷ್ಟು ತಾಸು’ ಎಂದು ಬರೆಯುವುದು, ಊಟಕ್ಕೆ, ಬಚ್ಚಲಿಗೆ ಹೋದವರ ಬೆಡ್ಡಿನಲ್ಲಿ ಸುಮ್ಮನೆ ಹರಿಯುತ್ತಿರುವ ಫ್ಲೋ ಮೀಟರ್ ಬಂದ್ ಮಾಡುವುದು.

ಬೆಡ್ ಯಾರಿಗೆ ಎನ್ನುವ ತೀರ್ಮಾನವನ್ನು ಟ್ರಯಾಜ್ ಟೇಬಲ್ಲಿನ ಸಿಸ್ಟರ್ ಮೇಲೆ ಬಿಡುವುದು ಕ್ರೌರ್ಯ. ಎಸ್‌ಪಿಓ2 (ರಕ್ತದ ಆಕ್ಸಿಜನ್ ಪ್ರಮಾಣ) ಶೇಕಡಾ 90ಕ್ಕಿಂತ ಕೆಳಗೆ ಅಥವಾ ಉಸಿರು ನಿಮಿಷಕ್ಕೆ 30 ದಾಟಿದರೆ ರೆಡ್. 90ರಿಂದ 93 ಅಥವಾ ಉಸಿರು 24ರಿಂದ 30 ಇದ್ದರೆ ಯೆಲ್ಲೋ. ಇದನ್ನು ಗೋಡೆಗೆ ಅಂಟಿಸಿ, ಕೊನೆಯ ಬೆಡ್ಡಿಗೆ ಇಬ್ಬರು ಡಾಕ್ಟರ್ ಸಹಿ ಎಂದು ಮಾಡಿದೆವು. ಜಗಳ ಬಂದರೆ ದೂರು ಸಂಸ್ಥೆಯ ಹೆಸರಿನಲ್ಲಿ ಹೋಗಬೇಕು, ಸಿಸ್ಟರ್ ಹೆಸರಿನಲ್ಲಿ ಅಲ್ಲ.

ರೋಗಿಗಳ ಮನೆಗೆ ಫೋನ್ ಮಾಡುವವರು ಕಿಟ್ ಒಳಗಿನವರಾಗಬಾರದು. ದಿನಾ ಸಂಜೆ 4ರಿಂದ 6, ಕೈಯಲ್ಲಿ ಒಂದು ಪುಟ: ಹೆಸರು, ನಿನ್ನೆಯ ಆಕ್ಸಿಜನ್, ಇವತ್ತಿನದು, ಉಂಡರೋ ಇಲ್ಲವೋ. ‘ಸೀರಿಯಸ್’ ಎಂಬ ಮಾತಿಗಿಂತ ‘ಅಣ್ಣಾ, ಅವ್ವಾರು ಒಂದೀಟು ಗಂಜಿ ಕುಡ್ದಾರ. ಆದ್ರ ನಿನ್ನೆ 8 ಲೀಟರ್ ಆಕ್ಸಿಜನ್ ನಡೀತಿತ್ತು, ಇವತ್ತು 12 ಹಚ್ಚೀವಿ’ ಎಂಬುದು ಮನೆಯವರಿಗೆ ತಿಳಿಯುತ್ತದೆ. ಸೇಡಂ ಕಡೆಯವರಿಗೆ ತೆಲುಗು, ಆಳಂದ ಕಡೆಯ ಕೆಲವರಿಗೆ ಮರಾಠಿ, ಪೇಟೆಯವರಿಗೆ ದಖನಿ ಬಲ್ಲವರನ್ನು ಕೂರಿಸಬೇಕು. ನಿಗದಿತ ವೇಳೆಗೆ ಫೋನ್ ಬರುತ್ತದೆ ಎಂದು ಗೊತ್ತಾದರೆ ಗೇಟಿನ ಗದ್ದಲ ಇಳಿಯುತ್ತದೆ. ಸಾವಿನ ಸುದ್ದಿ ಮಾತ್ರ ಡಾಕ್ಟರೇ ಹೇಳಬೇಕು, ಒಬ್ಬರ ಮೇಲೆಯೇ ಎಲ್ಲ ಬೀಳದಂತೆ ಸರತಿ ಇಟ್ಟು.

ಯಾರು ಸೋಲುತ್ತಿದ್ದಾರೆ ಎಂದು ತಿಳಿಯಲು ಪ್ರಶ್ನಾವಳಿ ಹಂಚಿದರೆ ಎಲ್ಲರೂ ‘ಚೆನ್ನಾಗಿದ್ದೇನೆ’ ಎಂದು ತುಂಬುತ್ತಾರೆ. ಹೆಸರು ಬರೆದಿರುತ್ತದಲ್ಲ. ನಾನು ಚಾರ್ಟ್ ನೋಡುತ್ತೇನೆ. ಒಂದೇ ಕೈಬರಹದಲ್ಲಿ ಹತ್ತು ರೋಗಿಗಳ ರೆಸ್ಪಿರೇಟರಿ ರೇಟ್ (ನಿಮಿಷಕ್ಕೆ ಉಸಿರು) ಸಾಲಾಗಿ 20, 20, 20 ಇದ್ದರೆ ಅವರು ಎಣಿಸುತ್ತಿಲ್ಲ, ಅವರಲ್ಲಿ ಎಣಿಸುವ ಚೈತನ್ಯ ಉಳಿದಿಲ್ಲ. ಪಾಳಿ ಒಪ್ಪಿಸುವ ಹ್ಯಾಂಡೋವರ್ ವೇಳೆಗೆ ಒಂದೇ ಪ್ರಶ್ನೆ: ನಿನ್ನೆ ಎಷ್ಟು ತಾಸು ಮಲಗಿದ್ರಿ? ಎರಡು ದಿನ ಸತತ ಐದು ತಾಸಿಗಿಂತ ಕಡಿಮೆ ಇದ್ದರೆ ಸೌಮ್ಯ ಲಕ್ಷಣದವರಿರುವ ಗ್ರೀನ್ ಝೋನಿಗೆ ಹಾಕುವುದು, ಕಾರಣ ಕೇಳದೆ. ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಬಾಯಿಬಿಡಿಸುವ ಒಂದು ದಿನದ ಕಡ್ಡಾಯ ಸಭೆ ಬೇಡ. ಅದರಿಂದ ಉಪಯೋಗವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಸಾಯುವ ಮಾತು ಯಾರಾದರೂ ಆಡಿದರೆ ಮಾತ್ರ ತಡ ಮಾಡದೆ ಮನೋವೈದ್ಯರು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416ರ ಟೆಲಿ ಮಾನಸ್ ಕೂಡ ಇದೆ.

ಲಿಸ್ಟಿನಿಂದ ಸದಾ ಹೊರಗುಳಿಯುವವರು ಗ್ರೂಪ್ ಡಿ ಮತ್ತು ಹೌಸ್‌ಕೀಪಿಂಗ್‌ನವರು. ಅವರ ಪಾಳಿ ಗುತ್ತಿಗೆದಾರನ ಕೈಯಲ್ಲಿ, ಹೆಣ ಕಟ್ಟುವ ಕೆಲಸ ಅವರ ಕೈಯಲ್ಲಿ. ದಿನಾ ಅದೇ ಇಬ್ಬರು ಕಟ್ಟುತ್ತಿರುತ್ತಾರೆ. ಅವರ ಹೆಸರನ್ನೂ ನಮ್ಮ ಲಿಸ್ಟಿಗೇ ಎಳೆದುಕೊಂಡು, ಬಾಡಿ ಬ್ಯಾಗ್ ಕೆಲಸಕ್ಕೆ ಮೂವರಂತೆ ಸರತಿ ಹಾಕಿ, ಕಟ್ಟಿದ ಮೇಲೆ ಸ್ನಾನಕ್ಕೆ ಅರ್ಧ ತಾಸು ಬರೆದಿಡಬೇಕು. ಅಲೆ ಇಳಿದ ಮೇಲೆ ರಜೆ ಹಂಚುವಾಗ ಮೊದಲ ಸಾಲು ಇವರದು ಮತ್ತು ಸಂಜೆ ಫೋನ್ ಮಾಡಿದವರದು. ಸೀನಿಯಾರಿಟಿ ಆಮೇಲೆ.