ಗೋರ್ಲಿಟ್ಸ್ ಹಿಡಿದ್ಮೇಲೆ ಜರ್ಮನಿ ರಾಜಕೀಯ ಕೈಗೆ ಹತ್ತಿತು: ನನ್ನ ಅನುಭವ

ಮೊನ್ನೆ ಬೆಂಗಳೂರಿನ ಪತ್ರಿಕೆಯ ಅದೇ ಡೆಸ್ಕ್‌ನಿಂದ ಫೋನ್ ಬಂತು. ಎರಡು ವರ್ಷದ ಹಿಂದೆ "ಜರ್ಮನಿ ಚುನಾವಣೆ ನಮ್ಮಲ್ಲಿ ಯಾರ್ರೀ ಓದ್ತಾರೆ, ಏಜೆನ್ಸಿ ಕಾಪಿ ಸಾಕು ಬಿಡಿ" ಅಂದಿದ್ದ ಡೆಸ್ಕ್. ಈಗ ತಿಂಗಳಿಗೆ ಎರಡು ಬರೀರಿ, ಫೋಟೋಗೆ ಬೇರೆ ಕೊಡ್ತೀವಿ ಅಂತಾರೆ. ಅದಕ್ಕೇ ಗೋರ್ಲಿಟ್ಸ್ ಅನ್ನೋ ಒಂದೇ ಊರು ಹಿಡಿದ ಕಥೆ ಬರೀಬೇಕು ಅನ್ನಿಸ್ತು. ಹೊರದೇಶದಲ್ಲಿದ್ದು ಕನ್ನಡಕ್ಕೆ ರಾಜಕೀಯ ಬರೆಯೋರು ಬೆರಳೆಣಿಕೆ ಜನ, ನನ್ನಷ್ಟು ದುಡ್ಡು ಇನ್ನೊಬ್ರು ಕಳ್ಕೊಳ್ಳೋದು ಬೇಡ.

ಮೊದಲ ವರ್ಷ ಪೂರ್ತಿ ಬರ್ಲಿನ್‌ನಲ್ಲೇ ಕಳೆದೆ. ಸೋಮವಾರ, ಬುಧವಾರ, ಶುಕ್ರವಾರ ಬುಂಡೆಸ್‌ಪ್ರೆಸ್ಸೆಕಾನ್ಫರೆನ್ಸ್‌ಗೆ, ಅಂದ್ರೆ ಕೇಂದ್ರ ಸರ್ಕಾರದ ವಕ್ತಾರರ ಪತ್ರಿಕಾಗೋಷ್ಠಿಗೆ ಹೋಗೋದು, ಅಲ್ಲಿ ಪತ್ರಕರ್ತರ ಸಂಘವೇ ಯಜಮಾನ, ಸರ್ಕಾರದ ವಕ್ತಾರರು ಅತಿಥಿ, ಆ ವ್ಯವಸ್ಥೆ ನೋಡಿ ನಂಗೆ ಖುಷಿಯೋ ಖುಷಿ. ಆದ್ರೆ ನಾನು ರೂಮಿಗೆ ಬಂದು ಕನ್ನಡದಲ್ಲಿ ಟೈಪ್ ಮಾಡೋ ಹೊತ್ತಿಗೆ ಅದೇ ಸುದ್ದಿ ಏಜೆನ್ಸಿಯಿಂದ ಬೆಂಗಳೂರಿಗೆ ಹೋಗಿ ಕೂತಿರ್ತಿತ್ತು. ಹೆಚ್ಚುಕಮ್ಮಿ 35 ಕಾಪಿ ಕಳಿಸಿದ್ದೆ, ಬಂದಿದ್ದು 11 ಇರಬೇಕು, ಒಂದಕ್ಕೆ 1,200 ರೂಪಾಯಿ. ಅದ್ರಲ್ಲಿ ಮೂರರ ದುಡ್ಡು ಇವತ್ತಿಗೂ ಬಂದಿಲ್ಲ. ಹೊಟ್ಟೆಪಾಡಿಗೆ ವಾರಕ್ಕೆ 20 ಗಂಟೆ ಅನುವಾದದ ಕೆಲಸ ಮಾಡ್ತಿದ್ದೆ.

ಇನ್ನೊಂದು ಪೆಟ್ಟು ತಿಂದಿದ್ದು ರಾಜಕಾರಣಿ ಹೇಳಿದ್ದನ್ನ ಎಷ್ಟು ಬಳಸ್ಬಹುದು ಅನ್ನೋ ಇಲ್ಲಿಯ ಒಂದು-ಎರಡು-ಮೂರು ನಿಯಮದಿಂದ. "ಉಂಟರ್ ಐನ್ಸ್" ಅಂದ್ರೆ ಹೆಸರು ಹಾಕಿ ಕೋಟ್ ಮಾಡ್ಬಹುದು, "ಉಂಟರ್ ತ್ಸ್ವೈ" ಅಂದ್ರೆ ಹೆಸರಿಲ್ದೆ ಬಳಸ್ಬಹುದು, "ಉಂಟರ್ ಡ್ರೈ" ಅಂದ್ರೆ ಕೇಳ್ಕೊಂಡು ಸುಮ್ನಿರ್ಬೇಕು. ಒಂದು ಪಕ್ಷದವರ ಬ್ಯಾಕ್‌ಗ್ರೌಂಡ್ ಮಾತುಕತೆಯಲ್ಲಿ ಮಧ್ಯದಲ್ಲಿ ಮೂರಕ್ಕೆ ಹೋಗಿದ್ದು ನನ್ನ ಕಿವಿಗೆ ಬೀಳ್ಲಿಲ್ಲ, ಕನ್ನಡದಲ್ಲಿ ತಾನೇ, ಅಂತ ಧೈರ್ಯವಾಗಿ ಹಾಕಿದೆ. ಯಾರೋ ಮಷಿನ್ ಟ್ರಾನ್ಸ್‌ಲೇಶನ್‌ಗೆ ಹಾಕಿ ಓದಿದ್ರು. ಆರು ತಿಂಗಳು ಒಂದು ಆಹ್ವಾನ ಇಲ್ಲ. ತಪ್ಪು ನನ್ನದೇ, ಈಗ ಪ್ರತಿ ಮಾತಿನ ಪಕ್ಕ ನೋಟ್‌ಬುಕ್‌ನಲ್ಲಿ 1, 2, 3 ಬರ್ಕೋತೀನಿ.

2024ರ ಸೆಪ್ಟೆಂಬರ್ 1ಕ್ಕೆ ಪೂರ್ವದ ಥ್ಯೂರಿಂಗಿಯಾ ರಾಜ್ಯದ ಚುನಾವಣೆಯಲ್ಲಿ ತೀವ್ರ ಬಲಪಂಥೀಯ ಪಕ್ಷ ಎಎಫ್‌ಡಿ 32.8% ತಗೊಂಡು ಮೊದಲ ಸ್ಥಾನಕ್ಕೆ ಬಂತು, ಪಕ್ಕದ ಸಾಕ್ಸನಿ ರಾಜ್ಯದಲ್ಲಿ ಸಂಪ್ರದಾಯವಾದಿ ಪಕ್ಷ ಸಿಡಿಯು ಕೂದಲೆಳೆಯಲ್ಲಿ ಮುಂದೆ ಉಳೀತು. ನಾನು ಬರ್ಲಿನ್‌ನಲ್ಲಿ ಕೂತು ಆ ಜನ ಯಾಕೆ ಹೀಗೆ ವೋಟ್ ಹಾಕಿದ್ರು ಅಂತ ಬೇರೆಯವರ ಲೇಖನ ಓದಿ ಬರೀತಿದ್ದೆ. ಅವತ್ತು ರಾತ್ರಿನೇ ತೀರ್ಮಾನ ಮಾಡ್ದೆ, ಒಂದೇ ಊರು ಹಿಡೀಬೇಕು, ಮತ್ತೆ ಮತ್ತೆ ಅಲ್ಲಿಗೇ ಹೋಗ್ಬೇಕು. ಇಲ್ಲಿಯ ಇಬ್ಬರು ಮೂವರು ಸೀನಿಯರ್‌ಗಳು ನಕ್ರು. ಒಂದು ಊರಿಂದ ದೇಶ ಹೇಗೆ ಗೊತ್ತಾಗುತ್ತೆ, ಅದೂ ಆ ಮೂಲೆ ಊರು ಅಂತ.

ಸಾಕ್ಸನಿಯ ಗೋರ್ಲಿಟ್ಸೇ ಯಾಕೆ ಅಂದ್ರೆ, ನೈಸೆ ಹೊಳೆ ದಾಟಿದ್ರೆ ಪೋಲೆಂಡ್, ಕಾಲುಸೇತುವೆ ಮೇಲೆ ನಡ್ಕೊಂಡೇ ಹೋಗ್ಬಹುದು. 2017ರಲ್ಲಿ ಇದೇ ಸಂಸತ್ ಕ್ಷೇತ್ರದಲ್ಲಿ ಪೇಂಟಿಂಗ್ ಕೆಲಸದ ಹಿನ್ನೆಲೆಯ, ಎಎಫ್‌ಡಿಯ ಟೀನೋ ಕ್ರುಪಾಲಾ ಸಿಡಿಯುದ ಮಿಖಾಯೆಲ್ ಕ್ರೆಚ್ಮರ್‌ನ ಸೋಲಿಸಿದ್ರು. ಸೋತವರು ಅದೇ ವರ್ಷ ಡಿಸೆಂಬರ್‌ನಲ್ಲಿ ಸಾಕ್ಸನಿ ಮುಖ್ಯಮಂತ್ರಿ ಆದ್ರು, ಗೆದ್ದವರು ಮುಂದೆ ಎಎಫ್‌ಡಿಯ ಸಹ ಅಧ್ಯಕ್ಷರಾದ್ರು. ಇಂಥ ಕಥೆ ಇರೋ ಕ್ಷೇತ್ರ ಇನ್ನೆಲ್ಲಿ ಸಿಗುತ್ತೆ! ಜೊತೆಗೆ ದೇಶದ ಲೋಕಲ್ ರೈಲು-ಬಸ್ಸಿಗೆಲ್ಲ ನಡೆಯೋ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, ನನ್ನ ಹತ್ರ ಹೇಗೂ ಇತ್ತು, ಆಗ 49 ಯೂರೋ, 2025ರಲ್ಲಿ 58 ಇತ್ತು. ಕಾಟ್‌ಬುಸ್‌ನಲ್ಲಿ ರೈಲು ಬದಲಾಯಿಸಿದ್ರೆ ಮೂರು ಗಂಟೆ ಆಸುಪಾಸು.

ಮೊದಲ ಎರಡು ಸಲ ದಂಡ. ಮೈಕ್ ಹಿಡ್ಕೊಂಡು ನಿಂತೆ, ಒಬ್ರೂ ಬಾಯಿ ಬಿಡ್ಲಿಲ್ಲ. ರೂಮಿಗೆ 45 ಯೂರೋ, ಊಟಕ್ಕೆ 20, ಕಾಪಿ ಸೊನ್ನೆ. ಮೂರನೇ ಸಲದಿಂದ ಮೈಕ್ ಬ್ಯಾಗಿನಲ್ಲೇ ಇಟ್ಟು ಬೆಳಿಗ್ಗೆ ಆರೂವರೆಗೆ ಬೇಕರಿಯಲ್ಲಿ ನಿಂತು ಕಾಫಿ ಕುಡಿಯೋ ಮೇಜಿನ ಹತ್ರ ಹೋಗೋಕೆ ಶುರು ಮಾಡ್ದೆ. ಮೊದಲ ಹತ್ತು ನಿಮಿಷ ಏನು ಮಾತಾಡ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಅದನ್ನ ಕಲಿಯೋಕೆ ನಂಗೆ ಎಂಟು ತಿಂಗಳು ಹಿಡೀತು.

ಅಲ್ಲಿ ಸಿಕ್ಕವರು ಒಬ್ಬ ನಿವೃತ್ತ ವೆಲ್ಡರ್. ಎರಡೂ ಕೈಮೇಲೆ ಅಕ್ಕಿಕಾಳಿನಷ್ಟು ಅಗಲದ ಬಿಳಿ ಸುಟ್ಟ ಕಲೆಗಳು. ಆ ಊರಲ್ಲಿ 1849ರಿಂದ ರೈಲು ಬೋಗಿ ಮಾಡ್ತಿದ್ರು, ಡಬಲ್ ಡೆಕ್ಕರ್ ಬೋಗಿಗೆ ಹೆಸರುವಾಸಿ. 2025ರ ಫೆಬ್ರವರಿಯಲ್ಲಿ ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಶೋಲ್ಟ್ಸ್ ಬಂದಾಗ ಆಲ್‌ಸ್ಟಾಮ್ ಕಂಪನಿ ಆ ಬೋಗಿ ಕಾರ್ಖಾನೆಯನ್ನ ಶಸ್ತ್ರಾಸ್ತ್ರ ಕಂಪನಿ ಕೆಎನ್‌ಡಿಎಸ್‌ಗೆ ಕೊಡೋ ಒಪ್ಪಂದ ಆಯ್ತು, ಇನ್ಮೇಲೆ ಅಲ್ಲಿ ಯುದ್ಧ ಟ್ಯಾಂಕಿನ ಭಾಗಗಳು. ಆಮೇಲಿನ ಸಲ ಹೋದಾಗ ವೆಲ್ಡರ್ ಬ್ರೆಡ್ಡಿನ ಚೂರನ್ನ ಬೆರಳಲ್ಲಿ ಒಟ್ಟು ಮಾಡ್ತಾ ಹೇಳಿದ್ರು: "ಸ್ಟೇಷನ್‌ನಲ್ಲಿ ಮೊಮ್ಮಗನಿಗೆ ಬೋಗಿ ತೋರ್ಸಿ ಇದು ನಾನು ಮಾಡಿದ್ದು ಅಂತಿದ್ದೆ. ಅವನಪ್ಪ ಏನು ತೋರಿಸ್ಬೇಕು?" ಮಗನ ಕೆಲಸ ಉಳ್ದಿತ್ತು, ಆದ್ರೂ. ನಾನು ಈ ಒಂದು ಮಾತಿನಿಂದ ಇಂಟ್ರೊ ಮಾಡಿ 700 ಪದ ಬರ್ದೆ. ಭಾನುವಾರದ ಪುರವಣಿಯಲ್ಲಿ ಮುಕ್ಕಾಲು ಪುಟ ಬಂತು, 4,000 ರೂಪಾಯಿ, ಅದೂ ಇಪ್ಪತ್ತು ದಿನದೊಳಗೆ.

ಮಧ್ಯೆ ಪದಗಳ ಜೊತೆ ಒಂದು ಗುದ್ದಾಟ. ಎಎಫ್‌ಡಿ ಜೊತೆ ಸೇರಲ್ಲ ಅನ್ನೋದಕ್ಕೆ ಇಲ್ಲಿಯ ಬೇರೆ ಪಕ್ಷದವರು "ಬ್ರಾಂಡ್‌ಮೌವರ್" ಅಂತಾರೆ. ಬೆಂಕಿತಡೆ ಗೋಡೆ ಅಂತ ಬರ್ದೆ, ಡೆಸ್ಕ್ ಫೈರ್‌ವಾಲ್ ಮಾಡಿತು, ಓದುಗರು ಕಂಪ್ಯೂಟರ್ ಅಂದ್ಕೊಂಡ್ರು. ಪಂಕ್ತಿಗೆ ಸೇರಿಸಲ್ಲ ಅಂತ ಒಂದ್ಸಲ ಬರ್ದು ನಾನೇ ಹೊಡೆದುಹಾಕ್ದೆ, ನಮ್ಮಲ್ಲಿ ಆ ಮಾತಿಗೆ ಜಾತಿಯ ನೋವಿದೆ, ಇಲ್ಲಿ ಅದನ್ನ ಎಳ್ಕೊಂಡು ಬರೋದು ತಪ್ಪು. ಕೊನೆಗೆ "ಕೈಜೋಡಿಸಲ್ಲ ಅನ್ನೋ ಶಪಥ" ನಿಂತಿತು. 2025ರ ಜನವರಿ 29ಕ್ಕೆ ಸಿಡಿಯು ನಾಯಕ ಮೆರ್ಟ್ಸ್ ಸಂಸತ್ತಿನಲ್ಲಿ ತಂದ ವಲಸೆ ನಿರ್ಣಯ ಎಎಫ್‌ಡಿ ವೋಟಿನಿಂದ ಪಾಸಾದಾಗ "ಶಪಥ ಮುರೀತಾ?" ಅನ್ನೋದೇ ಹೆಡ್‌ಲೈನ್. ವಾಟ್ಸಾಪ್‌ನಲ್ಲಿ ಎರಡು ನಿಮಿಷದ ಆಡಿಯೋ ಕಳಿಸೋದನ್ನೂ ನೋಡ್ದೆ, ಕೇಳೋರು ಬಂದ್ರು, ದುಡ್ಡು ಬರ್ಲಿಲ್ಲ, ಬಿಟ್ಟೆ.

ಫೆಬ್ರವರಿ 23ರ ಸಂಸತ್ ಚುನಾವಣೆ ರಾತ್ರಿ ಇಲ್ಲಿ ಆರು ಗಂಟೆಗೆ ಮೊದಲ ಅಂದಾಜು, ಅಂದ್ರೆ ಬೆಂಗಳೂರಲ್ಲಿ ಹತ್ತೂವರೆ, ಜಿಲ್ಲಾ ಎಡಿಷನ್ ಆಗ್ಲೇ ಹೋಗಿತ್ತು. ಸಿಡಿಯು ಮತ್ತು ಅದರ ಸೋದರ ಪಕ್ಷ ಸಿಎಸ್‌ಯು 28.5%, ಎಎಫ್‌ಡಿ 20.8, ಶೋಲ್ಟ್ಸ್ ಅವರ ಎಸ್‌ಪಿಡಿ 16.4, ಇದು ಎಲ್ಲರಿಗೂ ಸಿಕ್ತು. ನಾನು ಕಣ್ಣಿಟ್ಟಿದ್ದು ಎಡಪಕ್ಷದಿಂದ ಒಡೆದು ಬಂದ ಹೊಸ ಪಕ್ಷ ಬಿಎಸ್‌ಡಬ್ಲ್ಯು ಮೇಲೆ. ಸಂಸತ್ತಿಗೆ ಬರೋಕೆ ಬೇಕಾದ 5% ಅದು ದಾಟಿದ್ರೆ ಸಿಡಿಯು ಕೂಟ, ಎಸ್‌ಪಿಡಿ ಇಬ್ಬರ ಸರ್ಕಾರ ಸಾಲದು, ಮೂರನೆಯವರು ಬೇಕು. ಅದು 4.98ಕ್ಕೆ ನಿಂತಿತು, ಹತ್ತು ಸಾವಿರಕ್ಕೂ ಕಡಿಮೆ ವೋಟಿನ ಕೊರತೆ. 2018ರ ಕುಮಾರಸ್ವಾಮಿ ಸರ್ಕಾರದ ಲೆಕ್ಕ ನೋಡಿದ ಕನ್ನಡ ಓದುಗನಿಗೆ ಇದನ್ನ ವಿವರಿಸೋಕೆ ಎರಡು ಸಾಲು ಸಾಕಾಯ್ತು.

ನನ್ನ ದಿನ ಅಂದ್ರೆ 2025ರ ಮೇ 6. ಮೆರ್ಟ್ಸ್ ಚಾನ್ಸಲರ್ ಆದ್ರು ಅಂತ ಕಾಪಿ ಹಿಂದಿನ ರಾತ್ರಿಯೇ ರೆಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಸಂಸತ್ತು ಬುಂಡೆಸ್ಟಾಗ್‌ನಲ್ಲಿ ಎಣಿಕೆ ಮುಗೀತು, ಬೇಕಿದ್ದು 316, ಬಂದಿದ್ದು 310. ಮೈತ್ರಿಕೂಟದ ಬಲ 328. ಯುದ್ಧದ ನಂತರ ಹೀಗೆ ಮೊದಲ ಸುತ್ತಲ್ಲಿ ಯಾರೂ ಬಿದ್ದಿರಲಿಲ್ಲ. ಡೆಸ್ಕ್‌ಗೆ ಫೋನ್ ಮಾಡಿ "ಸರ್, ಅಡ್ಡಮತದಾನ" ಅಂದೆ, ಅಷ್ಟೇ, "ಎಷ್ಟು ಜನ?" ಅಂದ್ರು. 18 ಕಮ್ಮಿ. ಗುಪ್ತ ಮತದಾನ, ಯಾರು ಅಂತ ಯಾರಿಗೂ ಗೊತ್ತಿಲ್ಲ, ಹೆಸರು ಊಹಿಸಿ ಬರಿಯೋ ಪೈಕಿ ನಾನಲ್ಲ. ಆದ್ರೆ ಏಪ್ರಿಲ್‌ನ ನೋಟ್‌ಬುಕ್ ನನ್ನ ಹತ್ರ ಇತ್ತು. ಸರ್ಕಾರದ ಸಾಲದ ಮಿತಿ ಸಡಿಲಿಸೋಕೆ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿದ್ದಕ್ಕೆ ಗೋರ್ಲಿಟ್ಸ್‌ನ ಸಿಡಿಯು ಹಳಬರು ಕೆಂಡವಾಗಿದ್ರು, ಮೆರ್ಟ್ಸ್ ಚುನಾವಣೆಗೆ ಮುಂಚೆ ಹೇಳಿದ್ದೇ ಬೇರೆ ಅಂತ. ಎಸ್‌ಪಿಡಿ ಸದಸ್ಯರು ಮೈತ್ರಿ ಒಪ್ಪಂದಕ್ಕೆ 84.6% ಹೂಂ ಅಂದಿದ್ರೂ ವೋಟ್ ಹಾಕಿದ್ದೇ 56% ಜನ, ಒಬ್ಬ ಅಜ್ಜಿ ಸಂತೆ ದಿನ ಪಕ್ಷದ ಟೇಬಲ್ ಹತ್ರ ನಂಗೆ "ಬೇರೆ ದಾರಿ ಇಲ್ಲ ಮಗಾ, ಹಾಕ್ದೆ" ಅಂದಿದ್ರು. ಇದನ್ನ ಜೋಡಿಸಿ ನಲವತ್ತು ನಿಮಿಷದಲ್ಲಿ ಕಾಪಿ ಕಳಿಸ್ದೆ. ಸಂಜೆ ಎರಡನೇ ಸುತ್ತಲ್ಲಿ 325 ಬಂತು, ಬೆಂಗಳೂರಲ್ಲಿ ಆಗ ಎಂಟರ ಹತ್ರ, ಒಂದು ಪ್ಯಾರಾ ಬದಲಾಯಿಸಿದ್ದು ಅಷ್ಟೇ. ಮರುದಿನ ಬೈಲೈನ್ ಸಮೇತ ಬಂತು, ಏಜೆನ್ಸಿ ಕಾಪಿಯಲ್ಲಿ ಯಾಕೆ ಅನ್ನೋದು ಇರ್ಲಿಲ್ಲ, ನನ್ನದರಲ್ಲಿ ಇತ್ತು.

ಲೆಕ್ಕ ಹೇಳ್ಬೇಕಂದ್ರೆ, ಏಳು ಸಲ ಹೋಗಿದ್ದಕ್ಕೆ 500 ಯೂರೋ ಹತ್ರ ಖರ್ಚು, ಆ ನೋಟ್‌ಬುಕ್‌ಗಳಿಂದ ಇಲ್ಲೀವರೆಗೆ 70 ಸಾವಿರ ರೂಪಾಯಿ ಮೇಲೆ ಬಂದಿದೆ, ಅನುವಾದದ ಕೆಲಸ 12 ಗಂಟೆಗೆ ಇಳಿಸಿದೀನಿ. ವೆಲ್ಡರ್ ಅಜ್ಜ ಈಗ ತಾವೇ ಫೋನ್ ಮಾಡ್ತಾರೆ. 2026ರ ಸೆಪ್ಟೆಂಬರ್ 6ಕ್ಕೆ ಸಾಕ್ಸನಿ-ಅನ್‌ಹಾಲ್ಟ್ ಚುನಾವಣೆ, ಅದಕ್ಕೂ ಒಂದು ಊರು ಹಿಡಿದಾಗಿದೆ, ಬೇಕರಿ ಯಾವುದು ಅಂತಾನೂ ನೋಡಿಟ್ಟಿದೀನಿ. ಊರಿನ ಹೆಸರು ಮಾತ್ರ ಕೇಳ್ಬೇಡಿ.