ಕಾಂಟ್ರಾಸ್ಟ್ ಪರೀಕ್ಷೆಯನ್ನು ಡಿಸೈನ್ ಸಿಸ್ಟಂನ ನಿಯಮವಾಗಿಸುವುದು ಹೇಗೆ?

ಜಾಲತಾಣ ಸಿದ್ಧವಾದ ಮೇಲೆ ಪರೀಕ್ಷೆ ನಡೆಸಿ, ಓದಲು ಕಷ್ಟವಾಗುವ ಬಣ್ಣಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ತಿದ್ದುವ ರೂಢಿ ಅನೇಕ ತಂಡಗಳಲ್ಲಿದೆ. ಮುಂದಿನ ಆವೃತ್ತಿಯಲ್ಲಿ ಅದೇ ದೋಷ ಬೇರೊಂದು ಪುಟದಲ್ಲಿ ಮರುಕಳಿಸುತ್ತದೆ, ಏಕೆಂದರೆ ತಿದ್ದಿದ್ದು ಪುಟವನ್ನೇ ಹೊರತು ಬಣ್ಣ ಆರಿಸುವ ಕ್ರಮವನ್ನಲ್ಲ. ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ, ಒಂದು ಬಣ್ಣದ ಗುಣವಲ್ಲ, ಎರಡು ಬಣ್ಣಗಳ ನಡುವಿನ ಸಂಬಂಧ. ಹೀಗಾಗಿ ಡಿಸೈನ್ ಸಿಸ್ಟಂ, ಅಂದರೆ ಇಡೀ ತಂಡ ಹಂಚಿಕೊಳ್ಳುವ ವಿನ್ಯಾಸದ ನಿಯಮಗಳ ಸಂಗ್ರಹ, ಬಿಡಿ ಬಣ್ಣಗಳನ್ನು ಕೊಡುವುದರ ಬದಲು ಪರೀಕ್ಷಿಸಿದ ಜೋಡಿಗಳನ್ನು ಕೊಡಬೇಕು.

ಮೊದಲು ಅಳತೆಗೋಲನ್ನು ನಿಗದಿ ಮಾಡಿಕೊಳ್ಳಿ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಹಂತದ (ಎ, ಎಎ, ಎಎಎ ಎಂಬ ಮೂರರಲ್ಲಿ ನಡುವಿನದು) ಪ್ರಕಾರ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಪಠ್ಯಕ್ಕೆ 3:1 ಅನುಪಾತ ಬೇಕು. 2018ರ 2.1 ಆವೃತ್ತಿಯು ಇನ್‌ಪುಟ್ ಪೆಟ್ಟಿಗೆಯ ಅಂಚು, ಅರ್ಥ ಹೊತ್ತ ಐಕಾನ್ ಮುಂತಾದವುಗಳಿಗೂ 3:1 ಬೇಕೆಂದು ಸೇರಿಸಿತು. ಲೆಕ್ಕದಲ್ಲಿ ಬಂದ ಅನುಪಾತ ಕೊಂಚ ಕಡಿಮೆಯಿದ್ದರೂ ಅದನ್ನು 4.5 ಎಂದು ಎಣಿಸುವಂತಿಲ್ಲ: ಬಿಳಿಯ ಮೇಲೆ #767676 ಎಂಬ ಬೂದು ಬಣ್ಣ 4.54 ಪಡೆದು ತೇರ್ಗಡೆಯಾಗುತ್ತದೆ, ಕಣ್ಣಿಗೆ ಹೆಚ್ಚುಕಡಿಮೆ ಹಾಗೆಯೇ ಕಾಣುವ #777777 ಮಾತ್ರ 4.48ಕ್ಕೆ ನಿಂತು ಅನುತ್ತೀರ್ಣವಾಗುತ್ತದೆ. ಕಣ್ಣಳತೆಯನ್ನು ನಂಬಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಕನ್ನಡ ತಾಣಗಳಲ್ಲಿ ಬಹಳವಾಗಿ ಕಾಣುವ ಅರಿಶಿನ–ಕುಂಕುಮದ ಜೋಡಿಯನ್ನೇ ಲೆಕ್ಕ ಹಾಕಿ ನೋಡೋಣ. ಬಣ್ಣದ ಪ್ರಕಾಶಮಾನವನ್ನು (ಕಪ್ಪಿಗೆ 0, ಬಿಳಿಗೆ 1) ಲೆಕ್ಕಿಸುವಾಗ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು 0.0722. ಶುದ್ಧ ಹಳದಿಯಲ್ಲಿ ಕೆಂಪು, ಹಸಿರು ಎರಡೂ ಪೂರ್ಣವಾಗಿರುವುದರಿಂದ ಅದರ ಮೌಲ್ಯ 0.9278, ಶುದ್ಧ ಕೆಂಪಿನದು 0.2126. ಎರಡಕ್ಕೂ 0.05 ಕೂಡಿಸಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಸುಮಾರು 3.72 ಬರುತ್ತದೆ. ಅಂದರೆ ಹಳದಿಯ ಮೇಲಿನ ಕೆಂಪು ದೊಡ್ಡ ಶೀರ್ಷಿಕೆಗೆ ಸಲ್ಲುತ್ತದೆ, ಸುದ್ದಿಯ ಸಾಲುಗಳಿಗೆ ಸಲ್ಲದು. ಪರದೆಯ ಬಣ್ಣಗಳ 0–255ರ ಅಳತೆಯಲ್ಲಿ ಕೆಂಪನ್ನು 255ರಿಂದ 192ಕ್ಕೆ ಇಳಿಸಿದರೆ ಅದೇ ಹಳದಿಯ ಮೇಲೆ ಅನುಪಾತ 6ನ್ನು ದಾಟುತ್ತದೆ, ಬಣ್ಣದ ಗುರುತೂ ಉಳಿಯುತ್ತದೆ. ನಾಡಿನ ಬಣ್ಣವನ್ನು ಕೈಬಿಡಬೇಕಾಗಿಲ್ಲ. ಪಠ್ಯಕ್ಕೆ ಗಾಢ ಕೆಂಪು, ಅಲಂಕಾರಕ್ಕೆ ಶುದ್ಧ ಕೆಂಪು ಎಂದು ಪಾತ್ರ ಹಂಚಿದರೆ ಸಾಕು.

ಹೀಗೆ ಹಂಚಿದ ಪಾತ್ರವೇ ಟೋಕನ್‌ನ, ಅಂದರೆ ಕೋಡಿನಲ್ಲಿ ಬಣ್ಣವನ್ನು ಸೂಚಿಸುವ ಗುರುತಿನ, ಹೆಸರಾಗಬೇಕು. "ಕೆಂಪು-500" ಎಂಬ ಹೆಸರು ಅದನ್ನು ಎಲ್ಲಿ ಬಳಸಬಹುದೆಂದು ತಿಳಿಸುವುದಿಲ್ಲ. "ಎಚ್ಚರಿಕೆ-ಹಿನ್ನೆಲೆ", "ಎಚ್ಚರಿಕೆ-ಹಿನ್ನೆಲೆಯ ಮೇಲಿನ ಪಠ್ಯ" ಎಂಬ ಜೋಡಿ ತಿಳಿಸುತ್ತದೆ. ಮೂಲ ಬಣ್ಣಗಳು ಒಳಗಿನ ಪದರದಲ್ಲಿರಲಿ, ಪುಟ ಕಟ್ಟುವವರ ಕೈಗೆ ಪಾತ್ರದ ಟೋಕನ್‌ಗಳು ಮಾತ್ರ ಸಿಗಲಿ. ಬಣ್ಣಗಳ ಸಂಖ್ಯೆ ಹೆಚ್ಚಿದ್ದರೆ ಅಮೆರಿಕ ಸರ್ಕಾರದ ಯುಎಸ್ ವೆಬ್ ಡಿಸೈನ್ ಸಿಸ್ಟಂ ಅನುಸರಿಸುವ ವಿಧಾನ ಉಪಯುಕ್ತ: ಅಲ್ಲಿ ಪ್ರತಿ ಬಣ್ಣಕ್ಕೂ ಪ್ರಕಾಶಮಾನದ ಆಧಾರದಲ್ಲಿ 0ರಿಂದ 100ರವರೆಗಿನ ಶ್ರೇಣಿಯಿದ್ದು, ಎರಡು ಬಣ್ಣಗಳ ಶ್ರೇಣಿಗಳ ಅಂತರ 50 ಇದ್ದರೆ 4.5:1, 40 ಇದ್ದರೆ 3:1 ಖಾತರಿಯಾಗುತ್ತದೆ. ಹೊಸಬರೂ ಮನಸ್ಸಿನಲ್ಲೇ ಕಳೆದು ನೋಡಬಹುದಾದ ಈ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು.

ದೊಡ್ಡ ಪಠ್ಯದ ವಿನಾಯಿತಿಯನ್ನು ಕನ್ನಡಕ್ಕೆ ಅನ್ವಯಿಸುವಾಗ ಬಿಗಿಯಾಗಿರುವುದು ಒಳ್ಳೆಯದು. ಮಾರ್ಗಸೂಚಿಯ ಪ್ರಕಾರ 24 ಪಿಕ್ಸೆಲ್, ಅಥವಾ ದಪ್ಪಕ್ಷರವಾದರೆ ಸುಮಾರು 18.66 ಪಿಕ್ಸೆಲ್ ಇದ್ದರೆ ದೊಡ್ಡ ಪಠ್ಯ. ಆದರೆ ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಕಿರಿದಾಗಿ ಮೂಡುತ್ತವೆ, ದಪ್ಪ ಫಾಂಟಿನಲ್ಲಿ ಅವುಗಳ ಒಳಗಿನ ಬಿಳಿ ಜಾಗವೂ ಮುಚ್ಚಿಹೋಗುತ್ತದೆ. ಆದ್ದರಿಂದ ದಪ್ಪಕ್ಷರದ ವಿನಾಯಿತಿಯನ್ನು ಕನ್ನಡ ಪಠ್ಯಕ್ಕೆ ಕೊಡಬಾರದೆಂದು ನಿಮ್ಮ ಸಿಸ್ಟಂನಲ್ಲಿ ಬರೆದಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಹೆಜ್ಜೆ, ಅನುಮತಿಸಿದ ಜೋಡಿಗಳನ್ನು ಅವುಗಳ ಕನಿಷ್ಠ ಅನುಪಾತದೊಂದಿಗೆ ಒಂದೇ ಕಡತದಲ್ಲಿಟ್ಟು, ಕೋಡ್ ಸೇರ್ಪಡೆಯಾಗುವಾಗಲೆಲ್ಲ ಲೆಕ್ಕ ನಡೆಯುವಂತೆ ಮಾಡುವುದು. ಒಂದು ಜೋಡಿ ಸೋತರೂ ಬಿಲ್ಡ್, ಅಂದರೆ ಕೋಡಿನಿಂದ ತಾಣ ಸಿದ್ಧವಾಗುವ ಪ್ರಕ್ರಿಯೆ, ನಿಲ್ಲಬೇಕು. ಕಪ್ಪು ಥೀಮ್, ಮೌಸ್ ಮೇಲಿಟ್ಟಾಗಿನ ಸ್ಥಿತಿ, ಫೋಕಸ್ ಸ್ಥಿತಿ (ಕೀಲಿಮಣೆಯಿಂದ ಆ ಭಾಗಕ್ಕೆ ತಲುಪಿದಾಗಿನದು), ಪ್ಲೇಸ್‌ಹೋಲ್ಡರ್ ಪಠ್ಯ (ಖಾಲಿ ಪೆಟ್ಟಿಗೆಯೊಳಗೆ ಕಾಣುವ ಸೂಚನೆ) ಇವೆಲ್ಲವೂ ಕಡತದಲ್ಲಿರಬೇಕು. ಅರೆಪಾರದರ್ಶಕ ಬಣ್ಣವನ್ನು ಅದರ ಹಿನ್ನೆಲೆಯೊಂದಿಗೆ ಬೆರೆಸಿ, ಬಂದ ಫಲಿತಾಂಶವನ್ನೇ ಅಳೆಯಬೇಕು. ಚಿತ್ರದ ಮೇಲಿನ ಪಠ್ಯವನ್ನು ಸ್ವಯಂಚಾಲಿತ ಉಪಕರಣಗಳು ಖಚಿತವಾಗಿ ಅಳೆಯಲಾರವಾದ್ದರಿಂದ, ಅಂಥ ಪಠ್ಯದ ಹಿಂದೆ ಗಟ್ಟಿ ಬಣ್ಣದ ಪಟ್ಟಿ ಕಡ್ಡಾಯವೆಂದು ನಿಯಮ ಮಾಡಿ.

ಲೋಗೊ ಮತ್ತು ನಿಷ್ಕ್ರಿಯ ಬಟನ್‌ಗಳಿಗೆ ಮಾರ್ಗಸೂಚಿಯಲ್ಲೇ ವಿನಾಯಿತಿಯಿದೆ. ಉಳಿದ ಯಾವ ವಿನಾಯಿತಿಯನ್ನೇ ಆಗಲಿ ತಂಡ ಕೇಳಿದರೆ ಅದರ ಕಾರಣ, ಹೊಣೆ ಹೊತ್ತವರು ಮತ್ತು ಅದು ಮುಗಿಯುವ ದಿನಾಂಕ ಅದೇ ಕಡತದಲ್ಲಿ ದಾಖಲಾಗಲಿ; ದಿನಾಂಕ ಕಳೆದ ಕೂಡಲೇ ಆ ಜೋಡಿಗೂ ಬಿಲ್ಡ್ ನಿಲ್ಲಲಿ.