ಒಂದು ವೈರನ್ನೂ ಕತ್ತರಿಸದೆ ಟ್ರ್ಯಾಕ್ಟರಿಗೆ ಎಲ್‌ಇಡಿ ದೀಪ: ನನ್ನ ಅನುಭವ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಸೀಮೆಯಲ್ಲಿ ಗದ್ದೆ ಕೆಸರು ಮಾಡುವ ಕೆಲಸ ರಾತ್ರಿಯೂ ನಿಲ್ಲುವುದಿಲ್ಲ. ನನ್ನ 45 ಹೆಚ್‌ಪಿ ಟ್ರ್ಯಾಕ್ಟರಿಗೆ ಮುಂದೆ ಎರಡು, ಹಿಂದೆ ಒಂದು ಎಲ್‌ಇಡಿ ದೀಪ ಕೂರಿಸಿದ ಮೇಲೆ ಎರಡು ಬೆಳೆ ತೆಗೆದಿದ್ದೇನೆ. ಕಂಪನಿಯಿಂದ ಬಂದ ಹೋಲ್ಡರ್, ಲಗ್ (ವೈರಿನ ತುದಿಯ ಲೋಹದ ಪಟ್ಟಿ), ಫ್ಯೂಸ್ ಎಲ್ಲವೂ ಇದ್ದಂತೆಯೇ ಇವೆ. ಹಳೆಯ ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಎಳೆಯದಿದ್ದರೆ ತಿಂಗಳೊಳಗೆ ಸುಟ್ಟುಹೋಗುತ್ತದೆ ಎಂದು ವಿಚಾರಿಸಿದ ಕಡೆಯೆಲ್ಲ ಎಲೆಕ್ಟ್ರಿಷಿಯನ್ನರು ಹೇಳಿದ್ದರು, ಅದಕ್ಕೆ ಆರು ಸಾವಿರದ ಸುಮಾರು ಕೇಳಿದ್ದರು. ನನಗೆ ದೀಪಗಳೂ ಸೇರಿ ಖರ್ಚಾದದ್ದು ಎರಡೂವರೆ ಸಾವಿರದ ಆಸುಪಾಸು.

ಕತ್ತರಿಸಿ, ಹೆಣೆದು, ಟೇಪು ಸುತ್ತಿದ ಜೋಡಣೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಎರಚುವ ಕೆಸರಿಗೆ ಒಂದು ಹಂಗಾಮು ತಡೆದರೆ ಹೆಚ್ಚು. ಟೇಪು ಬಿಚ್ಚಿದರೆ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಆ ಕಿಲುಬು ಇನ್ಸುಲೇಷನ್ ಒಳಗೆ ಬೆರಳುದ್ದದವರೆಗೂ ಏರಿರುತ್ತದೆ. ಅದೂ ಅಲ್ಲದೆ, ನಡುರಾತ್ರಿ ಎಲ್‌ಇಡಿ ಕೈಕೊಟ್ಟರೆ ಹಳೆಯ ಬಲ್ಬನ್ನು ಮರಳಿ ಚುಚ್ಚಿ ಕೆಲಸ ಮುಂದುವರಿಸುವಂತಿರಬೇಕು ಎಂಬುದು ನನ್ನ ಹಠವಾಗಿತ್ತು.

ಮುಖ್ಯ ತೊಡಕು ಹೆಡ್‌ಲೈಟಿನ ಮೂರು ಕಾಲಿನ ಹೆಚ್4 ಬಲ್ಬು (ದೂರಕ್ಕೂ ಹತ್ತಿರಕ್ಕೂ ಬೆಳಕು ಕೊಡುವ ಬಲ್ಬು) ಕೂರುವ ಹೋಲ್ಡರಿನಲ್ಲಿತ್ತು. ಅದರಲ್ಲಿ ಕೂರುವ ಬಲ್ಬಿನ ಕಾಲುಗಳು ಸುಮಾರು 8 ಮಿ.ಮೀ. ಅಗಲ; ಅಂಗಡಿಯಲ್ಲಿ ಸಿಗುವ 6.3 ಮಿ.ಮೀ. ಲಗ್ ಅದರಲ್ಲಿ ಸಡಿಲವಾಗಿ ಕೂರುತ್ತದೆ, ಎಂಜಿನ್ನಿನ ನಡುಕಕ್ಕೆ ಕಿಡಿ ಹಾರಿ ಪ್ಲಾಸ್ಟಿಕ್ ಕಂದಾಗುತ್ತದೆ. ಏಳುನೂರು ರೂಪಾಯಿಯಷ್ಟು ಕೊಟ್ಟು ತಂದ ಸಿದ್ಧ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಸೆಟ್ಟೂ ನಿರಾಶೆಗೊಳಿಸಿತು. ಅದರ ವೈರನ್ನು ಬ್ಲೇಡಿನಿಂದ ಕೆರೆದಾಗ ತೆಳುವಾದ ತಾಮ್ರದ ಲೇಪದಡಿ ಬೆಳ್ಳಗೆ ಅಲ್ಯೂಮಿನಿಯಂ ಹೊಳೆಯಿತು; ಅದು ತಾಮ್ರದಷ್ಟು ಕರೆಂಟು ಹೊರುವುದಿಲ್ಲ.

ಕೊನೆಗೆ ಉಪಯೋಗಕ್ಕೆ ಬಂದದ್ದು ಸುಟ್ಟುಹೋದ ಹೆಚ್4 ಬಲ್ಬು. ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಗಾಜನ್ನು ಒಡೆದು ತೆಗೆಯಬೇಕು. ತಣ್ಣಗಿದ್ದಾಗಲೂ ಒಳಗೆ ಒತ್ತಡ ಇರುತ್ತದೆ, ಸಸಾರ ಬೇಡ. ಉಳಿದ ಬುಡದ ಮೂರು ಕಾಲುಗಳನ್ನು ಒಳಬದಿಯಲ್ಲಿ ಅರದಿಂದ ಉಜ್ಜಿ, ಬೆಸುಗೆ ಹಾಕಿ, ಎಪಾಕ್ಸಿ ತುಂಬಿಬಿಟ್ಟರೆ ಕಂಪನಿಯ ಹೋಲ್ಡರಿಗೆ ಕರಾರುವಾಕ್ಕಾಗಿ ಕೂರುವ ಪ್ಲಗ್ ಸಿಗುತ್ತದೆ. ಅದರಿಂದ ಮೂರು ವೈರುಗಳು ಹೊಸ ಹೋಲ್ಡರಿಗೆ ಹೋಗಿ ಹೆಡ್‌ಲೈಟಿನ ಮಾಮೂಲಿ ಬಲ್ಬನ್ನೇ ಉರಿಸುತ್ತವೆ, ಹೈಬೀಮಿನ (ದೂರದ ಬೆಳಕಿನ) ವೈರಿನಿಂದ ಒಂದು ಕವಲು ರಿಲೇಯ 86ಕ್ಕೆ ಹೋಗುತ್ತದೆ (86, 85 ಎಂಬುವು ರಿಲೇಯೊಳಗಿನ ಸುರುಳಿಯ ಎರಡು ಕಾಲುಗಳು). ಮುಂದಿನ ಹೊಸ ದೀಪಗಳ ಕರೆಂಟು ಬ್ಯಾಟರಿಯಿಂದಲೇ ಫ್ಯೂಸ್ ದಾಟಿ ರಿಲೇ ಮೂಲಕ ಬರುವುದರಿಂದ ಹಳೆಯ ಸ್ವಿಚ್ಚಿನ ಮೇಲೆ ಹೊರೆ ಬೀಳುವುದಿಲ್ಲ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ಹಿಂದಿನ ನೇಗಿಲ ದೀಪಕ್ಕೆ ರಿಲೇ ಬೇಕಾಗಲಿಲ್ಲ. 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುತ್ತಿದ್ದ ಕಡೆ, 27 ವ್ಯಾಟ್ ಎಂದು ಬರೆದಿದ್ದ ಎಲ್‌ಇಡಿ ನನ್ನ ಮೀಟರಿನಲ್ಲಿ ಎರಡಕ್ಕಿಂತ ಕಡಿಮೆಯೇ ತೋರಿಸಿತು. ಹೋಲ್ಡರಿನಲ್ಲಿ ಹತ್ತೂವರೆಗೆ ಇಳಿಯುತ್ತಿದ್ದ ವೋಲ್ಟೇಜು ಹನ್ನೆರಡರ ಹತ್ತಿರ ನಿಂತಿತು. ಆದರೆ ಅಲ್ಲಿ ಅರ್ಥಿಂಗ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಬೋಲ್ಟಿನ ಮೂಲಕ ಮಡ್‌ಗಾರ್ಡಿಗೆ ಇಳಿಯುತ್ತದೆ. ನಡುಕ ತಡೆಯಲು ರಬ್ಬರ್ ವಾಷರ್ ಹಾಕಿದ ಕ್ಷಣವೇ ಆ ದಾರಿ ಕಡಿದುಹೋಗುತ್ತದೆ, ದೀಪವೇ ಕೆಟ್ಟಿತೆಂದು ಹೊಸದನ್ನು ಕೊಳ್ಳುವವರನ್ನು ಕಂಡಿದ್ದೇನೆ. ನಾನು ಕಪ್ಪು ವೈರನ್ನು ನೇರವಾಗಿ ಗೇರ್‌ಬಾಕ್ಸಿನ ಬೋಲ್ಟಿಗೆ, ಬಣ್ಣ ಕೆರೆದು ಬಿಗಿದಿದ್ದೇನೆ.

ಇದರ ನಡುವೆ, ಹೆಡ್‌ಲೈಟಿನೊಳಗೇ ಎಲ್‌ಇಡಿ ಬಲ್ಬು ಹಾಕಿಯೂ ನೋಡಿದೆ. ಫಿಲಮೆಂಟು ಇರುವ ಜಾಗಕ್ಕೆ ಅದರ ಬೆಳಕು ಸೂಸುವ ಚಿಪ್ ಸರಿಯಾಗಿ ಬಾರದ ಕಾರಣ ಬೆಳಕು ಚದುರಿತು, ಬದುವಿನ ಅಂಚು ಮೊದಲಿಗಿಂತ ಮಸುಕಾಯಿತು. ಬಣ್ಣದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಒಣ ಹೊಲದಲ್ಲಿ ರೋಟವೇಟರ್ ಎಬ್ಬಿಸುವ ಧೂಳಿಗೆ 6500 ಕೆಲ್ವಿನ್ ಬಿಳಿ ಬೆಳಕು ಹೊಡೆದರೆ ಕಣ್ಣೆದುರು ಬಿಳಿ ಗೋಡೆ ಎದ್ದಂತಾಗುತ್ತದೆ. ಹಿಂದಿನ ದೀಪವನ್ನು 3000ದ ಹಳದಿಗೆ ಬದಲಿಸಿದ ಮೇಲೆ ಬ್ಲೇಡು ಮಣ್ಣಿಗೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ, ಹುಳುಗಳ ಕಾಟವೂ ಕಡಿಮೆಯಾಗಿದೆ. ನೀರು ನಿಂತ ಗದ್ದೆಯಲ್ಲಿ ಮುಂದಿನ ದೀಪಗಳನ್ನು ಕೆಳಗಿಳಿಸಿ ಚೂರು ಹೊರಮುಖವಾಗಿ ತಿರುಗಿಸಿದರೆ ಪ್ರತಿಫಲನ ಕಣ್ಣಿಗೆ ಹೊಡೆಯುವುದಿಲ್ಲ. ಎಷ್ಟು ಓರೆ ಎಂಬುದನ್ನು ಅವರವರ ಸೀಟಿನಲ್ಲಿ ಕೂತೇ ನಿರ್ಧರಿಸಬೇಕು.

ದೀಪದೊಳಗೆ ನೀರು ನುಗ್ಗುವುದು ಹೆಚ್ಚಾಗಿ ಗಾಜಿನ ಕಡೆಯಿಂದಲ್ಲ, ಹಿಂಬದಿಯಲ್ಲಿ ವೈರು ಹೊರಬರುವ ತೂತಿನಿಂದ. ಐಪಿ67 (ಧೂಳು ಹೋಗದು, ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ತಡೆಯುತ್ತದೆ ಎಂಬ ದರ್ಜೆ) ಎಂಬ ಚೀಟಿ ಅಂಟಿಸಿದ ಅಗ್ಗದ ದೀಪವೊಂದು ಪ್ರೆಷರ್ ವಾಷರಿಗೆ ಒಳಗೆಲ್ಲ ಮಂಜು ಕಟ್ಟಿಕೊಂಡಿತು. ಈಗ ಕೂರಿಸುವ ಮೊದಲೇ ಆ ತೂತಿಗೆ ನನ್ನದೇ ಒಂದು ಪೇಸ್ಟ್ ಮೆತ್ತುತ್ತೇನೆ. ಅದು ಯಾವುದೆಂದು ಸದ್ಯಕ್ಕೆ ಹೇಳಲಾರೆ, ನಾಲ್ಕಾರು ಜನರ ಟ್ರ್ಯಾಕ್ಟರಿಗೆ ಇದೇ ಕೆಲಸ ಮಾಡಿಕೊಡುತ್ತಿದ್ದೇನೆ.

ರಿಲೇಯ 85ರಿಂದ ಅರ್ಥಿಂಗಿಗೆ ಹೋಗುವ ವೈರಿನಲ್ಲಿ ಒಂದು ಚಿಕ್ಕ ಸ್ವಿಚ್ಚನ್ನು ತಪ್ಪದೆ ಇಡಬೇಕು. ಭತ್ತ ತುಂಬಿದ ಟ್ರಾಲಿಯೊಂದಿಗೆ ರಸ್ತೆಗೆ ಬಂದಾಗ ಅದನ್ನು ಆರಿಸಿದರೆ ಹೈಬೀಮ್ ಹಾಕಿದರೂ ಹೊಸ ದೀಪಗಳು ಹೊತ್ತುವುದಿಲ್ಲ, ಎದುರಿನ ಬೈಕಿನವರ ಕಣ್ಣು ಕುಕ್ಕುವುದಿಲ್ಲ.